ಮೊದಲು ಮೀಟರ್ ಓದಿ, ಆಮೇಲೆ ಗಿಡ ನೆಡಿ

ಯಾವುದಾದರೂ ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ನಿಮ್ಮ ವಿಶ್ವವಿದ್ಯಾಲಯದ ವಿದ್ಯುತ್ ಮೀಟರಿನ ಮುಂದೆ ಹೋಗಿ ನಿಲ್ಲಿ. ತರಗತಿಗಳಿಗೆ ಬೀಗ ಬಿದ್ದಿದೆ, ಗ್ರಂಥಾಲಯ ಮುಚ್ಚಿದೆ, ಹಾಸ್ಟೆಲಿನ ಮಕ್ಕಳು ಹೊದ್ದು ಮಲಗಿದ್ದಾರೆ. ಆದರೂ ಅಂಕಿ ಏರುತ್ತಲೇ ಇರುತ್ತದೆ. ಆ ಅಂಕಿಯನ್ನು ಬರೆದುಕೊಳ್ಳಿ. ಒಂದು ಗಂಟೆ ಕಳೆದ ಮೇಲೆ ಮತ್ತೊಮ್ಮೆ ಓದಿ ವ್ಯತ್ಯಾಸ ತೆಗೆಯಿರಿ. ದೊಡ್ಡ ಕ್ಯಾಂಪಸ್ಸುಗಳ ಎಚ್‌ಟಿ (ಹೈಟೆನ್ಷನ್) ಮೀಟರಿಗೆ ಒಂದು ಗುಣಕ ಇರುತ್ತದೆ, ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ವ್ಯತ್ಯಾಸವನ್ನು ಅದರಿಂದ ಗುಣಿಸುವುದನ್ನು ಮರೆಯಬೇಡಿ. ಯಾರೂ ಏನೂ ಮಾಡದಿರುವಾಗಲೂ ನಿಮ್ಮ ಕ್ಯಾಂಪಸ್ ನುಂಗುವ ವಿದ್ಯುತ್ ಎಷ್ಟು ಎಂಬುದು ಆಗ ತಿಳಿಯುತ್ತದೆ. ಎಲೆಕ್ಟ್ರಿಷಿಯನ್ನರು ಇದನ್ನು ಬೇಸ್ ಲೋಡ್ ಎನ್ನುತ್ತಾರೆ.

ಅದು 40 ಕಿಲೋವಾಟ್ ಇದೆ ಎಂದಿಟ್ಟುಕೊಳ್ಳಿ. ಕೇಳಲು ಸಣ್ಣದು. ಆದರೆ ಇದು ಹಗಲು ರಾತ್ರಿ, ರಜೆ ಹಬ್ಬ ಎನ್ನದೆ ವರ್ಷದ 8,760 ಗಂಟೆಯೂ ಉರಿಯುವ ವಿದ್ಯುತ್. ವರ್ಷಕ್ಕೆ ಸುಮಾರು 3.5 ಲಕ್ಷ ಯೂನಿಟ್ ಆಯಿತು. ಅಷ್ಟನ್ನು ತಿನ್ನುತ್ತಿರುವುದು ಯಾವುದು ಎಂದು ಟಾರ್ಚ್ ಹಿಡಿದು ಹುಡುಕಿದರೆ ಉತ್ತರಗಳು ಒಂದೊಂದಾಗಿ ಸಿಗುತ್ತವೆ: ಖಾಲಿ ಕಾರಿಡಾರಿನ ದೀಪಗಳು, ಆರಿಸದೆ ಬಿಟ್ಟ ಕಂಪ್ಯೂಟರ್‌ಗಳು, ಯಾರೂ ಕುಡಿಯದ ಹೊತ್ತಿನಲ್ಲೂ ನೀರನ್ನು ತಣ್ಣಗಿಡುತ್ತಿರುವ ಕೂಲರ್‌ಗಳು, ಸ್ವೆಟರ್ ಹಾಕಿಕೊಳ್ಳುವಷ್ಟು ತಂಪಾಗಿಸಿದ ಸರ್ವರ್ ಕೋಣೆ, ಟ್ಯಾಂಕ್ ತುಂಬಿದ ಮೇಲೂ ಓಡುವ ಪಂಪು. ನಾನು ಓದಿದ ಹಾಸ್ಟೆಲಿನಲ್ಲಿ ಮೇಲಿನ ತೊಟ್ಟಿ ತುಂಬಿ ರಾತ್ರಿಯಿಡೀ ಹರಿಯುತ್ತಿತ್ತು. ಆ ಸದ್ದು ನಮಗೆ ಜೋಗುಳದಂತೆ ಅಭ್ಯಾಸವಾಗಿ ಹೋಗಿತ್ತು. ನೀರು ಪೋಲಾಗುತ್ತಿದೆ ಎಂದಾದರೂ ಒಮ್ಮೊಮ್ಮೆ ಅನ್ನಿಸುತ್ತಿತ್ತು, ಅದರ ಜೊತೆ ಕಲ್ಲಿದ್ದಲೂ ಉರಿಯುತ್ತಿದೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಐದಾರು ನೂರು ರೂಪಾಯಿಯ ಫ್ಲೋಟ್ ಸ್ವಿಚ್ ಒಂದಿದ್ದರೆ ಸಾಕಾಗಿತ್ತು.

ಕ್ಯಾಂಪಸ್ಸಿನ ಇಂಗಾಲದ ಹೆಜ್ಜೆಗುರುತನ್ನು ಇಳಿಸುವ ಕೆಲಸ ಇಲ್ಲಿಂದ, ಈ ಮೀಟರಿನಿಂದ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮಲ್ಲಿ ಅದು ಜೂನ್ 5ರ ಸಸಿ ನೆಡುವ ಕಾರ್ಯಕ್ರಮದಿಂದ ಶುರುವಾಗಿ ಅಲ್ಲಿಗೇ ಮುಗಿದುಹೋಗುವುದೇ ಹೆಚ್ಚು. ಸಸಿಗೂ ಇಲ್ಲಿ ಜಾಗವಿದೆ, ಅದರ ಮಾತು ಕೊನೆಯಲ್ಲಿ.

ಐದು ಬಿಲ್ಲು, ಒಂದು ಲೆಕ್ಕ

ಇಂಗಾಲದ ಲೆಕ್ಕ ಎಂದಕೂಡಲೇ ಹೊರಗಿನ ಸಲಹಾ ಸಂಸ್ಥೆಯನ್ನು ಕರೆಸಬೇಕು ಎಂದುಕೊಳ್ಳುವವರಿದ್ದಾರೆ. ಮೊದಲ ವರ್ಷಕ್ಕೆ ಅದು ಬೇಡ. ಹಣಕಾಸು ವಿಭಾಗದ ಕಡತಗಳಲ್ಲಿ ಇರುವ ಐದು ಬಗೆಯ ಬಿಲ್ಲುಗಳು ಸಾಕು: ವಿದ್ಯುತ್ತು, ಜನರೇಟರಿನ ಡೀಸೆಲ್ಲು, ಹಾಸ್ಟೆಲ್ ಅಡುಗೆಮನೆಯ ಗ್ಯಾಸು, ವಾಹನಗಳ ಇಂಧನ, ಎಸಿಗಳಿಗೆ ತುಂಬಿಸಿದ ಅನಿಲ. ಇವುಗಳನ್ನು ಇಂಗಾಲಕ್ಕೆ ಪರಿವರ್ತಿಸಲು ನಾಲ್ಕೈದು ಅಂಕಿ ನೆನಪಿದ್ದರಾಯಿತು. ಗ್ರಿಡ್ಡಿನಿಂದ ಬರುವ 1 ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. 1 ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕಿಲೋ, ಪೆಟ್ರೋಲಿಗೆ 2.3 ಕಿಲೋ. 1 ಕಿಲೋ ಎಲ್‌ಪಿಜಿಗೆ 3 ಕಿಲೋ. ಅಂದರೆ 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ಒಂದಕ್ಕೆ 57 ಕಿಲೋ.

ವಿದ್ಯುತ್ತಿನ ಅಂಕಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಪ್ರಕಟಿಸುವ ರಾಷ್ಟ್ರೀಯ ಸರಾಸರಿಯದು. ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಕರ್ನಾಟಕದಲ್ಲಿ ಶರಾವತಿ ಇದೆ, ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ಗದಗ–ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ; ನಮ್ಮ ವಿದ್ಯುತ್ತು ಅಷ್ಟು ಕೊಳಕೇ? ದೇಶದ ಗ್ರಿಡ್ಡು ಈಗ ಒಂದೇ. 2013ರ ಕೊನೆಯ ದಿನ ದಕ್ಷಿಣದ ಗ್ರಿಡ್ಡು ಉಳಿದದ್ದರ ಜೊತೆ ಬೆಸೆದುಕೊಂಡಿತು. ಮೈಸೂರಿನಲ್ಲಿ ನೀವು ಉಳಿಸಿದ ಯೂನಿಟ್ಟು ಎಲ್ಲೋ ಒಂದೆಡೆ, ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿಯ ಕುಡಿತಿನಿಯಲ್ಲೋ ಇನ್ನೂ ದೂರದಲ್ಲೋ, ಕಲ್ಲಿದ್ದಲಿನ ಬಾಯ್ಲರಿನ ಹೊರೆಯನ್ನು ಇಳಿಸುತ್ತದೆ. ಹಾಗಾಗಿ ರಾಷ್ಟ್ರೀಯ ಅಂಕಿಯನ್ನು ಬಳಸುವುದೇ ಪ್ರಾಮಾಣಿಕ.

ಒಂದು ಕ್ಯಾಂಪಸ್ಸನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. 3,000 ವಿದ್ಯಾರ್ಥಿಗಳು, ಅವರಲ್ಲಿ 1,000 ಮಂದಿ ಹಾಸ್ಟೆಲಿನಲ್ಲಿ. ತಿಂಗಳಿಗೆ 1 ಲಕ್ಷ ಯೂನಿಟ್ ವಿದ್ಯುತ್, ಅಂದರೆ ವರ್ಷಕ್ಕೆ 840 ಟನ್ ಇಂಗಾಲ. ಜನರೇಟರಿಗೆ ವರ್ಷಕ್ಕೆ 12,000 ಲೀಟರ್ ಡೀಸೆಲ್, 32 ಟನ್. 1,000 ಸಿಲಿಂಡರ್ ಗ್ಯಾಸ್, 57 ಟನ್. ಕ್ಯಾಂಪಸ್ ಬಸ್ಸುಗಳಿಗೆ 20,000 ಲೀಟರ್, 54 ಟನ್. 100 ಎಸಿಗಳಿಂದ ಸೋರಿದ ಅನಿಲ, ಸುಮಾರು 16 ಟನ್. ಒಟ್ಟು 1,000 ಟನ್ ಆಸುಪಾಸು. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಆದರೆ ಆಕಾರ ಹೆಚ್ಚುಕಡಿಮೆ ಹೀಗೇ ಇರುತ್ತದೆ: ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ವಿದ್ಯುತ್ತಿನದು. ಪ್ಲಾಸ್ಟಿಕ್ ಬಾಟಲಿ ನಿಷೇಧಿಸಿ ಫಲಕ ಹಾಕುವ ಕ್ಯಾಂಪಸ್ಸು ತನ್ನ ಫ್ಯಾನುಗಳ ಕಡೆ ನೋಡದಿದ್ದರೆ ಇಂಗಾಲದ ಮಟ್ಟಿಗೆ ಏನೂ ಬದಲಾಗಿರುವುದಿಲ್ಲ.

ಈ ಲೆಕ್ಕದ ಹೊರಗೂ ಹೊಣೆಯಿದೆ. ವಿದ್ಯಾರ್ಥಿಗಳ ಓಡಾಟ, ಪ್ರಾಧ್ಯಾಪಕರ ವಿಮಾನಯಾನ, ಹೊಸ ಕಟ್ಟಡಗಳ ಸಿಮೆಂಟು, ಊಟದ ಅಕ್ಕಿ ಹಾಲು. ನಾವೇ ಸುಡುವುದು, ನಮಗಾಗಿ ಬೇರೆಡೆ ಸುಡುವುದು, ನಮ್ಮ ಕಾರಣಕ್ಕೆ ಪರೋಕ್ಷವಾಗಿ ಆಗುವುದು ಎಂದು ಜಗತ್ತಿನಾದ್ಯಂತ ಮೂರು ಸುತ್ತುಗಳಲ್ಲಿ ಲೆಕ್ಕ ಇಡುತ್ತಾರೆ. ಮೂರನೆಯ ಸುತ್ತಿನ ಲೆಕ್ಕ ಕಷ್ಟದ್ದು. ಮೊದಲ ವರ್ಷ ಮೊದಲೆರಡನ್ನು ಗಟ್ಟಿಮಾಡಿಕೊಂಡರೆ ಸಾಕು.

ತಲೆಯ ಮೇಲೆ ತಿರುಗುವುದು

ನಮ್ಮ ತರಗತಿಗಳ ದೊಡ್ಡ ಯಂತ್ರ ಸೀಲಿಂಗ್ ಫ್ಯಾನು. ಹಳೆಯ ಫ್ಯಾನು 75 ವಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಮೋಟಾರಿನ ಫ್ಯಾನು ಅದೇ ಗಾಳಿಯನ್ನು 30 ವಾಟಿನ ಸುತ್ತಮುತ್ತ ಕೊಡುತ್ತದೆ. ದಿನಕ್ಕೆ 10 ಗಂಟೆಯಂತೆ 250 ದಿನ ತಿರುಗಿದರೆ ಒಂದು ಫ್ಯಾನಿಗೆ ವರ್ಷಕ್ಕೆ 112 ಯೂನಿಟ್ ಉಳಿತಾಯ. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ 900 ರೂಪಾಯಿ. ಮೂರು ವರ್ಷ ತುಂಬುವ ಹೊತ್ತಿಗೆ ಫ್ಯಾನು ತನ್ನ ಬೆಲೆಯನ್ನು ತಾನೇ ತೀರಿಸಿಕೊಂಡಿರುತ್ತದೆ. ಸಾವಿರ ಫ್ಯಾನು ಬದಲಿಸಿದರೆ ವರ್ಷಕ್ಕೆ ಸುಮಾರು 80 ಟನ್ ಇಂಗಾಲ ಇಳಿಯುತ್ತದೆ. ಎಲ್ಲವನ್ನೂ ಒಮ್ಮೆಗೇ ಬದಲಿಸಲು ದುಡ್ಡಿಲ್ಲದಿದ್ದರೆ ಹೆಚ್ಚು ಹೊತ್ತು ತಿರುಗುವ ಕಡೆಯಿಂದ ಆರಂಭಿಸಿ: ಗ್ರಂಥಾಲಯದ ಓದುವ ಕೋಣೆ, ಹಾಸ್ಟೆಲ್, ಆಡಳಿತ ಕಚೇರಿ. ವರ್ಷಕ್ಕೆ ನಾಲ್ಕು ಸಲ ತೆರೆಯುವ ಸಭಾಂಗಣಕ್ಕೆ ಹೊಸ ಫ್ಯಾನು ಹಾಕಿ ಫೋಟೋ ತೆಗೆಸಿಕೊಂಡರೆ ಉಪಯೋಗವಿಲ್ಲ.

ಹಳೆಯ ಫ್ಯಾನು ಕಳಚಿದ ಮೇಲೆ ಅದು ಉಗ್ರಾಣದ ಮೂಲಕ ಮತ್ತೊಂದು ಕೋಣೆಗೆ ಏರದಂತೆ ನೋಡಿಕೊಳ್ಳಬೇಕು. ಇದು ಎಲ್ಲ ಕಡೆಯೂ ನಡೆಯುವಂಥದ್ದು. ತಾಮ್ರಕ್ಕೆ ಗುಜರಿಯಲ್ಲಿ ಬೆಲೆಯಿದೆ, ಮಾರಿಬಿಡಿ.

ಎಸಿಯ ವಿಷಯದಲ್ಲಿ ಎರಡು ಮಾತು. 2020ರಿಂದ ದೇಶದಲ್ಲಿ ಮಾರುವ ಕೋಣೆ ಎಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿಕೊಂಡು ಬರಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಮೇಲೇರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋ ಹೇಳುವ ಲೆಕ್ಕ. ಜೊತೆಗೆ ಫ್ಯಾನು ತಿರುಗಿಸಿದರೆ 26ರಲ್ಲೂ ಹಾಯಾಗಿ ಕೂರಬಹುದು. ಎರಡನೆಯದು ಕಣ್ಣಿಗೆ ಬೀಳದ ಮಾತು. ಎಸಿಯೊಳಗಿನ ಆರ್-410ಎ ಅನಿಲ ಒಂದು ಕಿಲೋ ಸೋರಿದರೆ ಅದು ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ; ಹಳೆಯ ಆರ್-22 ಕೂಡ ಅದಕ್ಕೆ ಹತ್ತಿರದ್ದೇ. ಆರ್-32 ಆದರೆ ಅದರ ಮೂರನೇ ಒಂದು ಭಾಗ. ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸಬೇಕಾಗುತ್ತಿದೆ ಎಂದರೆ ಆ ಎಸಿ ಸೋರುತ್ತಿದೆ. ಎಸಿಯ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಸೋರುವ ಜಾಗವನ್ನು ಹುಡುಕಿ ಬೆಸುಗೆ ಹಾಕದೆ ಬರೀ ತುಂಬಿಸಿ ಹೋಗುವ ಮೆಕ್ಯಾನಿಕ್ಕಿಗೆ ಬಿಲ್ಲು ಪಾವತಿಸಬೇಡಿ. ಹಳೆಯ ಎಸಿಯನ್ನು ಬಿಚ್ಚುವಾಗ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಇಳಿಸಿಕೊಳ್ಳಬೇಕೆಂದು ಕೆಲಸದ ಆದೇಶದಲ್ಲೇ ಬರೆಯಿರಿ.

ಬಚ್ಚಲಮನೆ ಮತ್ತು ಅಡುಗೆಮನೆ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಲ್ಲೇ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಹಳ್ಳಿಗಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಗಳಲ್ಲೇ ಕಲಿಯುವುದು ಅದರ ಉದ್ದೇಶ. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆ ಅಲ್ಲಿಂದಲೇ ಕರ್ನಾಟಕದ ಮನೆಗಳಿಗೆ ಬಂತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಬೀದಿಗೆ ಕುಡಿಯುವ ನೀರು ಕೊಟ್ಟದ್ದೂ ಅದೇ ಗುಂಪು. ರೆಡ್ಡಿಯವರ ಚಿಂತನೆಯ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಜನರಿಗೆ ಬೇಕಾದದ್ದು ಯೂನಿಟ್ಟೂ ಅಲ್ಲ, ಲೀಟರೂ ಅಲ್ಲ, ಬೆಂದ ಅನ್ನ, ಬೆಳಕಿರುವ ಕೋಣೆ, ಸ್ನಾನಕ್ಕೆ ಬಿಸಿನೀರು. ಆ ಸೇವೆಯನ್ನು ಎಷ್ಟು ಕಡಿಮೆ ಶಕ್ತಿಯಲ್ಲಿ ಕೊಡಬಹುದು ಎಂದು ಮೊದಲು ಕೇಳಬೇಕು, ಶಕ್ತಿ ಎಲ್ಲಿಂದ ತರುವುದು ಎಂದು ಆಮೇಲೆ. ಕ್ಯಾಂಪಸ್ ಯೋಜನೆ ಮಾಡುವವರು ಈ ಕ್ರಮವನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ಹಾಸ್ಟೆಲಿನ ಸ್ನಾನವನ್ನೇ ನೋಡಿ. 20 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 40ಕ್ಕೆ ಏರಿಸಲು 0.42 ಯೂನಿಟ್ ಬೇಕು. ಸಾವಿರ ಮಂದಿ, 280 ದಿನ: 1.18 ಲಕ್ಷ ಯೂನಿಟ್, 80 ಟನ್‌ಗೂ ಹೆಚ್ಚು ಇಂಗಾಲ. ಸಾವಿರ ಫ್ಯಾನುಗಳಿಂದ ಉಳಿಸಿದಷ್ಟನ್ನು ಒಂದೊಂದು ಬಕೆಟ್ ನೀರು ವಾಪಸ್ ಕಿತ್ತುಕೊಳ್ಳುತ್ತದೆ. ಸೋಲಾರ್ ವಾಟರ್ ಹೀಟರ್ ಕರ್ನಾಟಕಕ್ಕೆ ಹೊಸದಲ್ಲ, ಬೆಂಗಳೂರಿನ ಯಾವ ಬಡಾವಣೆಯ ತಾರಸಿಗಳನ್ನು ನೋಡಿದರೂ ಕಾಣುತ್ತದೆ. ಹಾಸ್ಟೆಲುಗಳ ಮೇಲೂ ಇವೆ. ಆದರೆ ಅನೇಕ ಕಡೆ ಇದ್ದೂ ಇಲ್ಲದಂತಿವೆ. ಕಾರಣ ತಾರಸಿಯಲ್ಲಿಲ್ಲ, ಪೈಪಿನಲ್ಲಿದೆ. ನಾಲ್ಕು ಮಹಡಿ ಕೆಳಗಿನ ನಲ್ಲಿಗೆ ಬಿಸಿನೀರು ಇಳಿಯುವ ಮೊದಲು ಪೈಪಿನಲ್ಲಿ ನಿಂತ ತಣ್ಣೀರೆಲ್ಲ ಹರಿದುಹೋಗಬೇಕು. ಬೆಳಗಿನ ಆರು ಗಂಟೆಗೆ ತರಗತಿಗೆ ಹೊರಡುವ ಹುಡುಗಿ ಐದು ನಿಮಿಷ ಕಾದು, ಸಾಕಾಗಿ, ಕೋಣೆಗೆ ಹೋಗಿ ವಾಟರ್ ಹೀಟರ್ ರಾಡನ್ನು ಬಕೆಟ್ಟಿಗೆ ಇಳಿಬಿಡುತ್ತಾಳೆ. ವಾರ್ಡನ್ ರಾಡುಗಳನ್ನು ವಶಪಡಿಸಿಕೊಳ್ಳುತ್ತಾರೆ, ಮುಂದಿನ ವಾರ ಹೊಸ ರಾಡು ಬಂದಿರುತ್ತದೆ. ಇದಕ್ಕೆ ಪರಿಹಾರ ದಂಡ ಹಾಕುವುದರಲ್ಲಿಲ್ಲ. ಬಿಸಿನೀರಿನ ಪೈಪಿಗೆ ಶಾಖ ನಿರೋಧಕ ಹೊದಿಕೆ, ಬೆಳಗಿನ ಎರಡು ಗಂಟೆ ಮಾತ್ರ ನೀರನ್ನು ಸುತ್ತಿಸುವ ಸಣ್ಣ ಪಂಪು, ಮಹಡಿಗೊಂದು ಬಿಸಿನೀರಿನ ನಲ್ಲಿಯ ಜಾಗ — ಇಷ್ಟು ಮಾಡಿದರೆ ರಾಡುಗಳು ತಾವಾಗಿಯೇ ಮಾಯವಾಗುತ್ತವೆ. ಆಗುಂಬೆಯ ಕಡೆಯ ಮಳೆಗಾಲದಂಥ ಮೋಡದ ದಿನಗಳಿಗೆ ಹೀಟ್ ಪಂಪ್ ಹಾಕಬಹುದು. ಗೀಸರಿಗೆ ಬೇಕಾದ ವಿದ್ಯುತ್ತಿನ ಮೂರನೇ ಒಂದು ಭಾಗದಲ್ಲಿ ಅದು ನೀರು ಕಾಯಿಸುತ್ತದೆ.

ಇನ್ನು ಮೆಸ್ಸು. ನಾಲ್ಕು ವರ್ಷ ಹಾಸ್ಟೆಲ್ ಊಟ ಉಂಡವರಿಗೆ ಗೊತ್ತು, ಅನ್ನ ಎಷ್ಟು ಬಿಸಾಡುತ್ತಾರೆಂದು. ತಟ್ಟೆ ತೊಳೆಯುವ ಜಾಗದಲ್ಲಿ ಒಂದು ತೂಕದ ಯಂತ್ರ ಇಡಿ. ಉಳಿಸಿದ ಅನ್ನ ಸಾರು ಪಲ್ಯವನ್ನೆಲ್ಲ ಅದರ ಮೇಲಿನ ಡ್ರಮ್ಮಿಗೇ ಸುರಿಯಲಿ. ಮರುದಿನ ಬಾಗಿಲ ಬಳಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ: ನಿನ್ನೆ ರಾತ್ರಿ ಇಷ್ಟು ಕಿಲೋ. ಬೈಯುವ ಮಾತು ಒಂದೂ ಬೇಡ. ತಲೆಗೆ ನೂರು ಗ್ರಾಂ ಎಂದರೂ ಸಾವಿರ ಮಂದಿಗೆ ನೂರು ಕಿಲೋ ಆಯಿತು. ಆ ಅಂಕಿ ದಿನವೂ ಕಣ್ಣಿಗೆ ಬಿದ್ದರೆ ಬಡಿಸುವವರ ಕೈಯೂ ಉಣ್ಣುವವರ ಕೈಯೂ ಹಗುರಾಗುತ್ತವೆ. ಎಷ್ಟೇ ಇಳಿಸಿದರೂ ತರಕಾರಿ ಸಿಪ್ಪೆ, ಉಳಿದ ಅನ್ನ ಸ್ವಲ್ಪ ಇದ್ದೇ ಇರುತ್ತದೆ. ಅದನ್ನು ಊರಾಚೆ ಸುರಿದರೆ ಗಾಳಿಯಿಲ್ಲದ ರಾಶಿಯೊಳಗೆ ಕೊಳೆತು ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಅದೇ ಮೀಥೇನನ್ನು ಬಯೋಗ್ಯಾಸ್ ಡೋಮಿನೊಳಗೆ ಹಿಡಿದರೆ ಒಲೆ ಉರಿಯುತ್ತದೆ. ನೂರು ಕಿಲೋ ಆಹಾರ ತ್ಯಾಜ್ಯದಿಂದ ಸುಮಾರು 10 ಘನ ಮೀಟರ್ ಗ್ಯಾಸು, ಅಂದರೆ ನಾಲ್ಕು ಕಿಲೋಗೂ ಹೆಚ್ಚು ಎಲ್‌ಪಿಜಿಯ ಕೆಲಸ. ನಾಲ್ಕೈದು ದಿನಕ್ಕೊಂದು ಸಿಲಿಂಡರ್ ಉಳಿಯಿತು.

ಬಯೋಗ್ಯಾಸ್ ಘಟಕಗಳು ಉದ್ಘಾಟನೆಯಾಗಿ ವರ್ಷದೊಳಗೆ ಕೆಟ್ಟುನಿಲ್ಲುವುದೂ ಉಂಟು. ನಿಂಬೆಹಣ್ಣಿನ ಸಿಪ್ಪೆ, ಮೊಟ್ಟೆಯ ಚಿಪ್ಪು, ಪ್ಲಾಸ್ಟಿಕ್ ಕವರು, ಒಂದೇ ದಿನ ಸುರಿದ ಅತಿ ಹೆಚ್ಚು ಅನ್ನ. ಇವೇ ಅದರ ಹೊಟ್ಟೆ ಕೆಡಿಸುವುದು. ಹಸುವಿನಂತೆ ಅದಕ್ಕೂ ಹೊತ್ತಿಗೆ ಸರಿಯಾಗಿ, ಅಳತೆ ಮೀರದೆ ಮೇವು ಬೇಕು. ಅದನ್ನು ನೋಡಿಕೊಳ್ಳಲು ಒಬ್ಬ ನಿಗದಿತ ಮನುಷ್ಯ, ಅವನಿಗೆ ಸಂಬಳ, ಅವನು ರಜೆ ಹಾಕಿದಾಗ ಬದಲಿ ಆಳು ಇಲ್ಲದಿದ್ದರೆ ಘಟಕ ಕಟ್ಟಿಸಲೇಬೇಡಿ, ಗೊಬ್ಬರದ ಗುಂಡಿ ಮಾಡಿ.

ಊಟದ ಪಟ್ಟಿಯಲ್ಲೂ ಇಂಗಾಲವಿದೆ. ನೀರು ನಿಂತ ಭತ್ತದ ಗದ್ದೆ ಮೀಥೇನ್ ಬಿಡುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಬೆಳೆಯುವ ರಾಗಿಗೂ ಜೋಳಕ್ಕೂ ಆ ಸಮಸ್ಯೆಯಿಲ್ಲ. ಮಂಡ್ಯದ ಹುಡುಗನಿಗೆ ಮುದ್ದೆ, ವಿಜಯಪುರದ ಹುಡುಗನಿಗೆ ಜೋಳದ ರೊಟ್ಟಿ ಕೊಡುವುದಕ್ಕೆ ಪರಿಸರದ ಭಾಷಣ ಬೇಕಿಲ್ಲ, ಅವರೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಧಾರವಾಡದ ಖಾನಾವಳಿಗಳು ಅನುದಾನವಿಲ್ಲದೆ ಇದನ್ನು ನಡೆಸಿಕೊಂಡು ಬಂದಿವೆ.

ಈಗ ತಾರಸಿಗೆ

ಸೋಲಾರ್ ಫಲಕ ಮೊದಲು ಹಾಕಿಸಿ ಆಮೇಲೆ ಉಳಿತಾಯದ ಕಡೆ ನೋಡುವವರು ದುಡ್ಡು ಹೆಚ್ಚು ಖರ್ಚು ಮಾಡುತ್ತಾರೆ. ನಮ್ಮ ಕಾಲ್ಪನಿಕ ಕ್ಯಾಂಪಸ್ಸಿನಲ್ಲಿ ಬೇಸ್ ಲೋಡಿನ ಕಾಲು ಭಾಗ, ಫ್ಯಾನು, ಬಿಸಿನೀರು ಇಷ್ಟರಿಂದಲೇ ವರ್ಷಕ್ಕೆ 3.2 ಲಕ್ಷ ಯೂನಿಟ್ ಇಳಿಯಿತು. 12 ಲಕ್ಷದ ಬೇಡಿಕೆ 8.8ಕ್ಕೆ ಬಂತು. ಕರ್ನಾಟಕದ ಬಿಸಿಲಿನಲ್ಲಿ 1 ಕಿಲೋವಾಟ್ ಫಲಕ ವರ್ಷಕ್ಕೆ 1,400ರಿಂದ 1,500 ಯೂನಿಟ್ ಕೊಡುತ್ತದೆ, ಅದಕ್ಕೆ ಸುಮಾರು 100 ಚದರಡಿ ನೆರಳಿಲ್ಲದ ತಾರಸಿ ಬೇಕು. ಬೇಡಿಕೆ ಇಳಿಸದೆ ಪೂರ್ತಿ ಸೋಲಾರಿಗೆ ಹೋದರೆ 830 ಕಿಲೋವಾಟ್ ಬೇಕಿತ್ತು, ಈಗ 600 ಸಾಕು. ಮಧ್ಯದ ವ್ಯತ್ಯಾಸ 20,000 ಚದರಡಿಗೂ ಹೆಚ್ಚಿನ ತಾರಸಿ ಮತ್ತು ಅದರ ಬಂಡವಾಳ.

ಕೈಯಲ್ಲಿ ಬಂಡವಾಳವಿಲ್ಲದಿದ್ದರೆ ರೆಸ್ಕೋ ಎಂಬ ಪದ್ಧತಿ ಇದೆ. ಖಾಸಗಿ ಕಂಪನಿ ತನ್ನ ಖರ್ಚಿನಲ್ಲಿ ಫಲಕ ಹಾಕಿ, ನಿಗದಿತ ದರಕ್ಕೆ ವರ್ಷಗಟ್ಟಲೆ ನಿಮಗೆ ವಿದ್ಯುತ್ ಮಾರುತ್ತದೆ. ಸಹಿ ಮಾಡುವ ಮುನ್ನ ಕರಾರಿನಲ್ಲಿ ಮೂರು ಸಂಗತಿ ನೋಡಿ: ವರ್ಷಕ್ಕೆ ಕನಿಷ್ಠ ಎಷ್ಟು ಯೂನಿಟ್ ಕೊಡಲೇಬೇಕು ಎಂಬ ಖಾತ್ರಿ, ಫಲಕ ತೊಳೆಯುವವರು ಯಾರು, ತಾರಸಿ ಸೋರಿದರೆ ಹೊಣೆ ಯಾರದು. ಕಲಬುರಗಿ, ರಾಯಚೂರಿನ ದೂಳಿನಲ್ಲಿ ತಿಂಗಳಿಗೆರಡು ಸಲವಾದರೂ ತೊಳೆಯದಿದ್ದರೆ ಉತ್ಪಾದನೆ ಕಣ್ಣೆದುರೇ ಕುಸಿಯುತ್ತದೆ.

ಕ್ಯಾಂಪಸ್ಸಿಗೆಂದೇ ಇನ್ನೊಂದು ತೊಡಕಿದೆ. ಬಿಸಿಲು ತೀವ್ರವಾಗಿರುವ ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ರಜೆ. ತರಗತಿ ತುಂಬಿರುವ ಜುಲೈ, ಆಗಸ್ಟಿನಲ್ಲಿ ಮೋಡ. ಹಾಗಾಗಿ ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್ಡಿಗೆ ಕೊಟ್ಟು ಲೆಕ್ಕ ಹೊಂದಿಸಿಕೊಳ್ಳುವ ವ್ಯವಸ್ಥೆ, ಬೆಸ್ಕಾಂ ಆಗಲಿ ಹೆಸ್ಕಾಂ ಆಗಲಿ ನಿಮ್ಮ ಭಾಗದ ಕಂಪನಿಯೊಂದಿಗೆ, ಮೊದಲೇ ಕುದುರಬೇಕು. ಯಾವ ಗಾತ್ರಕ್ಕೆ ಯಾವ ನಿಯಮ ಎಂಬುದು ಕಾಲಕಾಲಕ್ಕೆ ಬದಲಾಗುತ್ತದೆ. ಟೆಂಡರ್ ಕರೆಯುವ ಮುನ್ನ ಆ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ ತಿಳಿಯಿರಿ.

ಪ್ರಯೋಗಾಲಯಗಳ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಜೀವವಿಜ್ಞಾನ ವಿಭಾಗದ ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್ ಒಂದೇ ದಿನಕ್ಕೆ 15–20 ಯೂನಿಟ್ ತಿನ್ನುತ್ತದೆ. ನಾಲ್ಕೈದು ಸಾಮಾನ್ಯ ಮನೆಗಳ ಖರ್ಚು. ಅನೇಕ ಮಾದರಿಗಳು ಮೈನಸ್ 70ರಲ್ಲೂ ಸುರಕ್ಷಿತವಾಗಿರುತ್ತವೆ, ಆಗ ಖರ್ಚು ಕಾಲುಭಾಗಕ್ಕೂ ಹೆಚ್ಚು ಇಳಿಯುತ್ತದೆ. ಈ ತೀರ್ಮಾನ ಮಾತ್ರ ಸಂಶೋಧಕರದೇ ಆಗಿರಬೇಕು, ಎಂಜಿನಿಯರಿಂಗ್ ವಿಭಾಗದ್ದಲ್ಲ. ಹತ್ತು ವರ್ಷದ ಹಿಂದೆ ಪಿಎಚ್‌ಡಿ ಮುಗಿಸಿ ಹೋದವರ ಹೆಸರಿನ ಡಬ್ಬಿಗಳನ್ನು ವರ್ಷಕ್ಕೊಮ್ಮೆ ತೆರವುಗೊಳಿಸಿದರೆ ಕೆಲವೆಡೆ ಒಂದಿಡೀ ಫ್ರೀಜರ್ ಆರಿಸಬಹುದು.

ಹೊಸ ಕಟ್ಟಡ ಬೇಕೇ?

ಐದು ಚೀಲ ಸಿಮೆಂಟ್ ತಯಾರಾಗುವಾಗ ಹೊರಬೀಳುವ ಇಂಗಾಲ 150 ಕಿಲೋ ದಾಟುತ್ತದೆ. ಹಾಗಾಗಿ ಕಟ್ಟದೇ ಉಳಿದ ಕಟ್ಟಡವೇ ಎಲ್ಲಕ್ಕಿಂತ ಹಸಿರು. ವೇಳಾಪಟ್ಟಿ ತೆಗೆದು ನೋಡಿ. ಒಂದು ವಿಭಾಗದ ತರಗತಿಗಳು ಮಧ್ಯಾಹ್ನದ ಮೇಲೆ ಖಾಲಿ, ಪಕ್ಕದ ವಿಭಾಗ ಕೋಣೆ ಸಾಲದೆಂದು ಹೊಸ ಬ್ಲಾಕಿಗೆ ಅರ್ಜಿ ಹಾಕಿರುತ್ತದೆ. ಕೋಣೆಗಳು ವಿಭಾಗದ ಆಸ್ತಿಯಲ್ಲ ಎಂದು ಒಪ್ಪಿಸುವುದು ಸೋಲಾರ್ ಹಾಕಿಸುವುದಕ್ಕಿಂತ ಕಷ್ಟದ ಕೆಲಸ, ಆದರೂ ಆಗಬೇಕಾದ ಕೆಲಸ.

ಕಟ್ಟಲೇಬೇಕಾದರೆ ದೂರ ಹೋಗಬೇಕಿಲ್ಲ. ಬಿ.ವಿ. ದೋಶಿಯವರು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ರೂಪಿಸಿದ ಐಐಎಂ ಕ್ಯಾಂಪಸ್ಸಿನಲ್ಲಿ ಒಮ್ಮೆ ನಡೆದುನೋಡಿ. ಒರಟು ಕಲ್ಲಿನ ಗೋಡೆ, ಅಂಗಳಗಳು, ಬಳ್ಳಿ ಹಬ್ಬಿದ ಚಪ್ಪರದಡಿಯ ಉದ್ದುದ್ದ ಓಣಿಗಳು. ಬಿಸಿಲು ಸೋಸಿ ಬರುತ್ತದೆ, ಗಾಳಿ ತಾನೇ ಓಡಾಡುತ್ತದೆ. ನಮ್ಮ ಹಳೆಯ ಕಾಲೇಜುಗಳ ಎತ್ತರದ ಸೂರು, ಎದುರುಬದುರು ಕಿಟಕಿ, ಸುತ್ತುವರಿದ ಜಗಲಿ ಇದೇ ಮಾತನ್ನು ಹೇಳುತ್ತಿದ್ದವು. ಈಗ ಅದೇ ಆವರಣಗಳಲ್ಲಿ ಪಶ್ಚಿಮಕ್ಕೆ ಮುಖಮಾಡಿದ ಗಾಜಿನ ಬ್ಲಾಕುಗಳು ಏಳುವುದನ್ನು ಕಂಡಾಗ ಹೊಟ್ಟೆಯುರಿಯುತ್ತದೆ. ಸುಡದ ಮಣ್ಣಿನ ಇಟ್ಟಿಗೆಯ ಬಗ್ಗೆ ಕೆ.ಎಸ್. ಜಗದೀಶ್ ಮತ್ತು ಅಸ್ತ್ರದ ಸಂಗಾತಿಗಳು ದಶಕಗಳ ಕೆಲಸ ಮಾಡಿಟ್ಟಿದ್ದಾರೆ. ಈಗಿರುವ ಕಟ್ಟಡಗಳಿಗೆ ತಾರಸಿಯ ಮೇಲೆ ಬಿಳಿ ಬಣ್ಣ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು. ಮೇಲಿನ ಮಹಡಿಯಲ್ಲಿ ವ್ಯತ್ಯಾಸ ಅದೇ ಬೇಸಿಗೆಯಲ್ಲಿ ಮೈಗೆ ತಿಳಿಯುತ್ತದೆ.

ನೀರನ್ನೂ ಶಕ್ತಿಯೆಂದೇ ಎಣಿಸಿ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿ. ಭೌತಶಾಸ್ತ್ರದ ಲೆಕ್ಕ ಹಾಕಿದರೆ ಸಾವಿರ ಲೀಟರಿಗೆ ಎತ್ತುವುದಕ್ಕೇ ಸುಮಾರು 1.4 ಯೂನಿಟ್ ಬೇಕು. ಸೋರುವ ನಲ್ಲಿಯಿಂದ ಹನಿಯುವುದು ನೀರೊಂದೇ ಅಲ್ಲ.

ಬಸ್ಸಿನ ವೇಳೆ

45 ಕಿಲೋಮೀಟರ್ ಮೈಲೇಜಿನ ಬೈಕಿನಲ್ಲಿ ಒಬ್ಬರೇ ಹೋದರೆ ಕಿಲೋಮೀಟರಿಗೆ 50 ಗ್ರಾಂ ಇಂಗಾಲ. ಕಾರಿನಲ್ಲಿ ಒಬ್ಬರೇ ಆದರೆ 150. ತುಂಬಿದ ಡೀಸೆಲ್ ಬಸ್ಸಿನಲ್ಲಿ ತಲೆಗೆ 12. ದಿನಕ್ಕೆ 20 ಕಿಲೋಮೀಟರ್ ಬೈಕಿನಲ್ಲಿ ಓಡಾಡುವ 500 ಮಂದಿ ಬಸ್ಸಿಗೆ ಬಂದರೆ ವರ್ಷಕ್ಕೆ 80 ಟನ್ ಇಳಿಯುತ್ತದೆ. ಇನ್ನೊಂದು ಸಾವಿರ ಫ್ಯಾನು ಬದಲಿಸಿದಂತೆ. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಟಿಕೆಟ್ಟಿನ ಅಡ್ಡಿ ಅರ್ಧಕ್ಕೆ ಅರ್ಧ ಕಳೆದಿದೆ. ಉಳಿದಿರುವುದು ವೇಳೆಯ ಅಡ್ಡಿ. ತರಗತಿ ಹತ್ತಕ್ಕೆ, ಬಸ್ಸು ಒಂಬತ್ತೂಕಾಲಿಗೊಂದು, ಹತ್ತೂಕಾಲಿಗೊಂದು ಎಂದಿದ್ದರೆ ಬೈಕು ಕೊಳ್ಳದೆ ಹುಡುಗ ಏನು ಮಾಡಬೇಕು? ಯಾರು ಯಾವ ಊರಿನಿಂದ ಎಷ್ಟು ಗಂಟೆಗೆ ಹೊರಡುತ್ತಾರೆ ಎಂದು ಒಂದು ವಾರ ಸಮೀಕ್ಷೆ ಮಾಡಿ. ಊರುವಾರು ಅಂಕಿಗಳನ್ನು ಹಿಡಿದು ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿಗಳ ಬಳಿ ಕುಲಸಚಿವರೇ ಹೋಗಲಿ. ಬಸ್ಸು ಹೊಂದದಿದ್ದರೆ ಗಂಟೆಯನ್ನು ಹೊಂದಿಸಿ, ತರಗತಿ ಹತ್ತೂವರೆಗೆ ಶುರುವಾದರೆ ಆಕಾಶ ಬೀಳುವುದಿಲ್ಲ.

ಪ್ರಾಧ್ಯಾಪಕರ ವಿಷಯಕ್ಕೆ ಬಂದರೆ, ಒಂದೂವರೆ ಗಂಟೆಯ ಸಂದರ್ಶನ ಸಮಿತಿಗೆ ದೆಹಲಿಯಿಂದ ವಿಮಾನದಲ್ಲಿ ತಜ್ಞರನ್ನು ಕರೆಸುವ ರೂಢಿಯನ್ನು ಒಮ್ಮೆ ಮರುಯೋಚಿಸಬಹುದು.

ಮರದ ಲೆಕ್ಕ

ಬೆಳೆದ ಮರವೊಂದು ವರ್ಷಕ್ಕೆ ಹೀರುವ ಇಂಗಾಲದ ಡೈಆಕ್ಸೈಡ್ 20 ಕಿಲೋ ಆಸುಪಾಸು ಎಂಬ ಒರಟು ಅಂದಾಜನ್ನು ಎಲ್ಲೆಡೆ ಬಳಸುತ್ತಾರೆ. ಆ ಲೆಕ್ಕದಲ್ಲಿ ನಮ್ಮ 1,000 ಟನ್ನಿಗೆ 50,000 ಬೆಳೆದ ಮರ ಬೇಕು. ನೂರು ಸಸಿ ನೆಟ್ಟು, ಅರವತ್ತು ಬದುಕಿ, ಇಪ್ಪತ್ತು ವರ್ಷ ಕಾದರೂ ಸಿಗುವುದು ವರ್ಷಕ್ಕೆ ಒಂದು ಟನ್ನಿಗೆ ಚೂರು ಹೆಚ್ಚು. ಇದನ್ನು ಓದಿ ಮರ ಬೇಡ ಎಂದುಕೊಳ್ಳಬೇಡಿ. ಮರದ ನೆರಳಿಗೆ ಎಸಿ ಆರುತ್ತದೆ, ಬೇರಿಗೆ ನೀರಿಂಗುತ್ತದೆ, ಕೊಂಬೆಗೆ ಹಕ್ಕಿ ಬರುತ್ತದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯನ್ನೂ ಪಕ್ಕದ ಕುಕ್ಕರಹಳ್ಳಿ ಕೆರೆಯನ್ನೂ ಬಲ್ಲವರಿಗೆ ಅದನ್ನು ಹೇಳಬೇಕಿಲ್ಲ. ಸಾವಿರ ಎಕರೆ ಮೀರಿದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಂಥ ಆವರಣಗಳಲ್ಲಿ ಹೊಸದಾಗಿ ನೆಡುವುದಕ್ಕಿಂತ ಇರುವುದನ್ನು ಕಡಿಯದೆ ಉಳಿಸುವುದೇ ದೊಡ್ಡ ಕೆಲಸ. ನೆಡುವುದಾದರೆ ಹೊಂಗೆ, ಬೇವು, ಅತ್ತಿ, ನೇರಳೆ ನೆಡಿ, ಪಶ್ಚಿಮದ ಗೋಡೆಗೆ ನೆರಳಾಗುವ ಕಡೆ ನೆಡಿ, ಮೊದಲ ಮೂರು ಬೇಸಿಗೆ ನೀರು ಹಾಕುವವರ ಹೆಸರನ್ನು ಅದೇ ದಿನ ಬರೆದಿಡಿ. ಬಿದ್ದ ಎಲೆಗೆ ಬೆಂಕಿ ಹಚ್ಚುವುದನ್ನು ಮಾತ್ರ ಇವತ್ತಿನಿಂದಲೇ ನಿಲ್ಲಿಸಿ. ಅದು ಆ ಮರದ ಬುಡಕ್ಕೇ ಸೇರಬೇಕಾದ ಗೊಬ್ಬರ.

ಪುಸ್ತಕ ಯಾರ ಕೈಯಲ್ಲಿ

ಇಷ್ಟೆಲ್ಲ ಗೊತ್ತಿದ್ದೂ ಏಕೆ ಆಗುವುದಿಲ್ಲ? ಬಿಲ್ಲು ಕಟ್ಟುವವರು ಒಬ್ಬರು, ಫ್ಯಾನು ಕೊಳ್ಳುವವರು ಇನ್ನೊಬ್ಬರು, ಉರಿಸುವವರು ಮತ್ತೊಬ್ಬರು. ಯಾವ ವಿಭಾಗಕ್ಕೂ ತನ್ನ ಬಿಲ್ಲು ಎಷ್ಟೆಂದು ಗೊತ್ತಿಲ್ಲ. ಕಟ್ಟಡಕ್ಕೊಂದು ಸಬ್‌ಮೀಟರ್ ಹಾಕಿ, ತಿಂಗಳ ಅಂಕಿಯನ್ನು ಆ ಕಟ್ಟಡದ ಬಾಗಿಲಲ್ಲೇ ಅಂಟಿಸಿ. ಟೆಂಡರಿನಲ್ಲಿ ಅಗ್ಗದ ಬೆಲೆಯ ಬದಲು ಬೆಲೆ ಮತ್ತು ಐದು ವರ್ಷದ ವಿದ್ಯುತ್ ಖರ್ಚು ಎರಡನ್ನೂ ಕೂಡಿಸಿ ಹೋಲಿಸುವ ಷರತ್ತು ಬರೆಯಿರಿ. ಅದೊಂದರಿಂದಲೇ 75 ವಾಟಿನ ಫ್ಯಾನು ಸ್ಪರ್ಧೆಯಿಂದ ಹೊರಬೀಳುತ್ತದೆ. ಉಳಿದ ಬಿಲ್ಲಿನ ಹಣದಲ್ಲಿ ಒಂದು ಪಾಲು ಪ್ರತ್ಯೇಕ ಖಾತೆಗೆ ಹೋಗಿ ಮುಂದಿನ ವರ್ಷದ ಕೆಲಸಕ್ಕೇ ಸಿಗಬೇಕೆಂದು ಸಿಂಡಿಕೇಟಿನಲ್ಲಿ ನಿರ್ಣಯ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಉಳಿಸಿದವರ ಕೈಗೆ ಉಳಿತಾಯ ಕಾಣಿಸುವುದೇ ಇಲ್ಲ.

ನ್ಯಾಕ್ ಮೌಲ್ಯಮಾಪನದ ಏಳನೆಯ ಮಾನದಂಡ ಹಸಿರು ಆಡಿಟ್ಟನ್ನೂ ಇಂಧನ ಆಡಿಟ್ಟನ್ನೂ ಕೇಳುತ್ತದೆ. ಬಣ್ಣದ ರಟ್ಟಿನ ವರದಿಯೊಂದು ಹೇಗೂ ತಯಾರಾಗುತ್ತದೆ. ಅದನ್ನು ಬೀರುವಿನಿಂದ ತೆಗೆದು ಎಂಎಸ್ಸಿ, ಎಂಬಿಎ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ಮಾಡಿ. ಭೌತಶಾಸ್ತ್ರದವರು ಮೀಟರ್ ಓದಲಿ, ವಾಣಿಜ್ಯದವರು ಬಿಲ್ಲು ಬಿಡಿಸಲಿ, ಸಮಾಜಶಾಸ್ತ್ರದವರು ಬಸ್ಸಿನ ಸಮೀಕ್ಷೆ ಮಾಡಲಿ, ಕನ್ನಡ ವಿಭಾಗದವರು ಬಾಗಿಲ ಹಲಗೆಗೆ ಓದುವಂಥ ನಾಲ್ಕು ಸಾಲು ಬರೆಯಲಿ.

ಓದಿದ್ದನ್ನೆಲ್ಲ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಡಿ. ಎಕ್ಸೆಲ್ ಕಡತವೂ ಇರಲಿ, ಆದರೆ ಕಂಪ್ಯೂಟರು ಬದಲಾದಾಗ ಕಡತಗಳು ಕಳೆದುಹೋಗುತ್ತವೆ. ದಿನಾಂಕ, ಗಂಟೆ, ಅಂಕಿ, ಓದಿದವರ ಸಹಿ. ಅಂತಿಮ ವರ್ಷದವರು ಪರೀಕ್ಷೆ ಬರೆದು ಊರಿಗೆ ಹೊರಡುವ ಮುನ್ನ ಕಿರಿಯರನ್ನು ಒಂದು ಭಾನುವಾರ ನಾಲ್ಕೂವರೆಗೆ ಎಬ್ಬಿಸಿ, ಮೀಟರಿನ ಮುಂದೆ ನಿಲ್ಲಿಸಿ, ಗುಣಕ ಎಲ್ಲಿದೆ ಎಂದು ತೋರಿಸಿ, ರಿಜಿಸ್ಟರನ್ನು ಅವರ ಕೈಗೆ ಕೊಟ್ಟು ಹೋಗಲಿ.